ಫಾಲ್ಸಿನ ನೀರು, ಸೊಸೈಟಿಯ ಕರೆಂಟು, 12 ಸಾಲಿನ ಲೆಕ್ಕ

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತಾಳೆ. ಆ ನೀರಿನ ಬಲ ನಂಬಿ 1887ರಲ್ಲೇ ಇಲ್ಲಿ ನೂಲಿನ ಗಿರಣಿ ನಡೆಯಿತು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು ಅದಾಗಿ 15 ವರ್ಷಕ್ಕೆ, 1902ರಲ್ಲಿ.

ನೀರಿನ ಶಕ್ತಿಯ ಲೆಕ್ಕ ಸರಳ. ಸೆಕೆಂಡಿಗೆ ಸಾವಿರ ಲೀಟರ್ ನೀರು 52 ಮೀಟರ್ ಬಿದ್ದರೆ 9.81 × 52, ಅಂದರೆ ಸುಮಾರು 510 ಕಿಲೋವ್ಯಾಟ್. ಯಂತ್ರದಲ್ಲಿ ಐದನೇ ಒಂದು ಪಾಲು ಹೋದರೂ 408 ಉಳಿಯುತ್ತದೆ. ಆದರೆ ಎತ್ತರ ವರ್ಷಪೂರ್ತಿ ಅಷ್ಟೇ ಇರುತ್ತದೆ, ನೀರು ಹಾಗಲ್ಲ. ಆಗಸ್ಟಿನಲ್ಲಿ ಭೋರ್ಗರೆಯುವ ಫಾಲ್ಸ್ ಏಪ್ರಿಲಿನಲ್ಲಿ ಬರೀ ಬಂಡೆ. ವರ್ಷದ ಸರಾಸರಿ ಹಿಡಿದು ಯಂತ್ರ ತಂದರೆ ಬೇಸಿಗೆಯಲ್ಲಿ ಕೈಕಟ್ಟಿ ಕೂಡಬೇಕು. ಅದಕ್ಕೇ ಎಕ್ಸೆಲ್ ಹಾಳೆಯಲ್ಲಿ ತಿಂಗಳಿಗೊಂದರಂತೆ 12 ಸಾಲು ಬೇಕು.

ಎರಡನೇ ಪಾಠ ಹುಕ್ಕೇರಿಯದು. 1969ರಲ್ಲಿ ಹಳ್ಳಿಗೆ ಕರೆಂಟು ಹಂಚಲು ದೇಶದಲ್ಲಿ ಐದು ಸಹಕಾರಿ ಸಂಘಗಳನ್ನು ಪ್ರಯೋಗಕ್ಕೆ ಆರಿಸಿದರು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅದರಲ್ಲೊಂದು. ಮಹಾರಾಷ್ಟ್ರದ ಮುಳಾ-ಪ್ರವರಾ ಇನ್ನೊಂದು. ಬಾಕಿ ಬೆಟ್ಟದಷ್ಟು ಬೆಳೆದು, 2011ರಲ್ಲಿ ಮುಳಾ-ಪ್ರವರಾದ ಕೈಯಿಂದ ವಿತರಣೆ ತಪ್ಪಿತು. ಹುಕ್ಕೇರಿಯದು ಉಳಿಯಿತು. ಎಷ್ಟು ಯೂನಿಟ್ ಬಂತು ಎನ್ನುವ ಕಾಲಮ್ಮಿನ ಪಕ್ಕದಲ್ಲಿ ತಂತಿಯಲ್ಲಿ ಎಷ್ಟು ಸೋರಿತು, ಬಿಲ್ಲಿನ ಹಣ ಎಷ್ಟು ವಸೂಲಾಯಿತು ಎನ್ನುವ ಕಾಲಮ್ಮುಗಳೂ ಇರಲೇಬೇಕು.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಿಗೆ ಸೋಲಾರ್ ಮಾರುವವರು ಬರುತ್ತಾರೆ. ಚಾವಣಿಯ 1 ಕಿಲೋವ್ಯಾಟ್ ಸೋಲಾರ್ ಬಿಸಿಲಿದ್ದ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಅದನ್ನು 365ರಿಂದ ಗುಣಿಸಿ ತೋರಿಸಿದರೆ ಒಪ್ಪಬೇಡಿ. ಮಳೆಗಾಲದ ಸಾಲಿಗೆ ಕಡಿಮೆ ಅಂಕಿ ಹಾಕಿ. ಪ್ಯಾನೆಲ್ 25 ವರ್ಷ ಬಂದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ನಡುವೆ ಒಮ್ಮೆ ಬದಲಿಸುವ ಖರ್ಚು ಬರೆಯಿರಿ. 2024ರ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಹಾಕಿ. ಸಾಲದ ಬಡ್ಡಿಗೂ ಒಂದು ಕಾಲಮ್ ಇರಲಿ.

ಕೊನೆಗೆ ಹೊಳೆಯ 12 ಸಾಲಿನ ಪಕ್ಕ ಬಿಸಿಲಿನ 12 ಸಾಲು ಇಟ್ಟು ನೋಡಿ. ಹೊಳೆ ತುಂಬಿದಾಗ ಮೋಡ, ಹೊಳೆ ಬತ್ತಿದಾಗ ಬಿಸಿಲು. ಒಂದು ಕೈಕೊಟ್ಟಾಗ ಇನ್ನೊಂದು ದುಡಿಯುತ್ತದೆ. ಸರಾಸರಿ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ.