ಗಡ್ಡೆಯ ಜೀವಕೋಶದಲ್ಲಿ ವೈರಾಣುವಿನ ಡಿಎನ್‌ಎ: ಶೋಧದ ಇತಿಹಾಸ

ವೈರಾಣುಗಳಿಂದ ಪ್ರಾಣಿಗಳಲ್ಲಿ ಏಳುವ ಗಡ್ಡೆಗಳ ಜೀವಕೋಶದೊಳಗೆ ಆ ವೈರಾಣುವಿನ ಡಿಎನ್‌ಎ ಮುಖ್ಯವಾಗಿ ಎರಡು ಬಗೆಯಲ್ಲಿ ನೆಲೆಸುತ್ತದೆ: ಕೋಶದ ವರ್ಣತಂತುವಿಗೇ ಬೆಸೆದುಕೊಂಡು, ಇಲ್ಲವೆ ಬೇರೆಯಾಗಿ ಉಂಗುರದ ರೂಪದಲ್ಲಿ. ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ದನ ಕಟ್ಟಿದವರಿಗೆ ಹೊಸದಲ್ಲದ ನರೂಲಿ ಎರಡನೆಯ ಬಗೆಯದು.

ಕೋಳಿಯ ಗಡ್ಡೆಯನ್ನು ಅರೆದು ಸೋಸಿದ ರಸದಿಂದಲೇ ಹೊಸ ಗಡ್ಡೆ ಹುಟ್ಟುತ್ತದೆಂದು ಪೇಟನ್ ರೌಸ್ 1911ರಲ್ಲಿ ತೋರಿಸಿದರು. ಇಲಿಯ ಪಾಲಿಯೋಮಾ, ಕೋತಿಯ ಎಸ್‌ವಿ40 ವೈರಾಣುಗಳು ಸಿಕ್ಕಿದ ಮೇಲೆ ಒಂದು ಒಗಟು ಎದ್ದಿತು. ಅವುಗಳಿಂದ ಗಡ್ಡೆಯಾದ ಕೋಶದಲ್ಲಿ ವೈರಾಣು ಕಾಣುತ್ತಿರಲಿಲ್ಲ. ಆದರೂ ಕೋಶ ತಲೆಮಾರುಗಟ್ಟಲೆ ಮಿತಿಮೀರಿ ಬೆಳೆಯುತ್ತಿತ್ತು, ವೈರಾಣುವಿನದೇ ಆದ ಟಿ-ಆಂಟಿಜೆನ್ ಎಂಬ ಪ್ರೋಟೀನನ್ನೂ ತಯಾರಿಸುತ್ತಿತ್ತು. ಹಾಗಾದರೆ ಅದರ ಜೀನ್ ಎಲ್ಲಿ ಅಡಗಿದೆ?

ಉತ್ತರ ಬಂದದ್ದು 1968ರಲ್ಲಿ, ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಿಂದ. ಸ್ಯಾಂಬ್ರೂಕ್, ವೆಸ್ಟ್‌ಫಾಲ್, ಶ್ರೀನಿವಾಸನ್, ಡಲ್ಬೆಕೊ ಗಡ್ಡೆಕೋಶಗಳ ಡಿಎನ್‌ಎಯನ್ನು ಕ್ಷಾರದಲ್ಲಿ ಎಳೆ ಬಿಡಿಸಿ, ವೇಗವಾಗಿ ತಿರುಗಿಸಿ, ಗಾತ್ರದಂತೆ ಬೇರ್ಪಡಿಸಿದರು. ಎಸ್‌ವಿ40ಯ ಉಂಗುರ ಚಿಕ್ಕದು. ಬಿಡಿಯಾಗಿದ್ದರೆ ಅದು ಹಿಂದುಳಿಯಬೇಕಿತ್ತು. ಆದರೆ ವೈರಾಣುವಿನ ಭಾಗ ಕೋಶದ ಉದ್ದನೆಯ ಎಳೆಗಳ ಜೊತೆಗೇ ಇಳಿಯಿತು. ಕ್ಷಾರಕ್ಕೂ ಕಳಚದ ಆ ಬಂಧ ರಾಸಾಯನಿಕ ಬೆಸುಗೆಯೇ ಆಗಿತ್ತು. ಈ ಇತಿಹಾಸದ ಅತ್ಯಂತ ಸೊಗಸಾದ ಪ್ರಯೋಗವೆಂದರೆ ಇದೇ. ಎಸ್‌ವಿ40 ಸೇರಿಕೊಳ್ಳುವುದಕ್ಕೆ ಗೊತ್ತಾದ ಒಂದೇ ಜಾಗವಿಲ್ಲ, ಕೋಶಸಾಲಿನಿಂದ ಕೋಶಸಾಲಿಗೆ ಅದು ಬದಲಾಗುತ್ತದೆ ಎಂಬುದು 1976ರ ಹೊತ್ತಿಗೆ ತಿಳಿಯಿತು. ಕೆಲವು ಆರ್‌ಎನ್‌ಎ ವೈರಾಣುಗಳೂ ಡಿಎನ್‌ಎ ಪ್ರತಿ ಮಾಡಿಕೊಂಡು ಬೆಸೆದುಕೊಳ್ಳುತ್ತವೆ. ಅದಕ್ಕೆ ಬೇಕಾದ ಕಿಣ್ವವನ್ನು ಟೆಮಿನ್, ಬಾಲ್ಟಿಮೋರ್ 1970ರಲ್ಲಿ ಕಂಡುಹಿಡಿದರು. 1975ರ ನೊಬೆಲ್ ಡಲ್ಬೆಕೊ ಜೊತೆಗೆ ಇವರಿಬ್ಬರಿಗೂ ಸಂದಿತು.

ಬೆಸುಗೆಯಿಲ್ಲದೆ ಗಡ್ಡೆಯಿಲ್ಲ ಎಂಬ ನಂಬಿಕೆಯನ್ನು ದನದ ನರೂಲಿ ವೈರಾಣು ಅಲುಗಿಸಿತು. ಸುಮಾರು 7,900 ಜೋಡಿ ಅಕ್ಷರಗಳ ಅದರ ಡಿಎನ್‌ಎ, ತಾನು ಮಾರ್ಪಡಿಸಿದ ಇಲಿಯ ಕೋಶಗಳಲ್ಲಿ ಬಿಡಿ ಉಂಗುರಗಳಾಗಿಯೇ ಉಳಿಯುತ್ತದೆಂದು 1981ರಲ್ಲಿ ಖಚಿತವಾಯಿತು. ಕೋಶ ಇಬ್ಭಾಗವಾಗುವಾಗ ಇ2 ಎಂಬ ಪ್ರೋಟೀನ್ ಈ ಉಂಗುರಗಳನ್ನು ವರ್ಣತಂತುಗಳಿಗೆ ಕಟ್ಟಿಹಾಕುವುದರಿಂದ ಅವು ಕಳೆದುಹೋಗುವುದಿಲ್ಲ. ಕುದುರೆಯ ಚರ್ಮದ ಸಾರ್ಕಾಯ್ಡ್ ಗಡ್ಡೆಗಳಲ್ಲಿಯೂ ಇದೇ ವೈರಾಣುವಿನ ಡಿಎನ್‌ಎ ಸಿಗುತ್ತದೆ.

ಇದೇ ಕುಲದ ಮಾನವ ಪ್ಯಾಪಿಲೋಮಾ ವೈರಾಣುಗಳಲ್ಲಿ ಎರಡೂ ಬಗೆ ಕಾಣುತ್ತವೆ: ಸಾಮಾನ್ಯ ನರೂಲಿಯಲ್ಲಿ ಉಂಗುರ, ಗರ್ಭಕೊರಳಿನ ಅನೇಕ ಕ್ಯಾನ್ಸರುಗಳಲ್ಲಿ ಬೆಸುಗೆ. ಬೆಸೆಯುವಾಗ ಇ2 ಜೀನ್ ಸಾಮಾನ್ಯವಾಗಿ ತುಂಡಾಗಿ, ಇ6, ಇ7 ಜೀನುಗಳ ಮೇಲಿನ ಹಿಡಿತ ತಪ್ಪುತ್ತದೆ. ಈ ಕ್ಯಾನ್ಸರಿಗೆ ವೈರಾಣುವೇ ಕಾರಣವೆಂದು ಕಂಡ ಹರಾಲ್ಡ್ ತ್ಸುರ್ ಹೌಸೆನ್ 2008ರಲ್ಲಿ ನೊಬೆಲ್ ಪಡೆದರು. ಅದನ್ನು ತಡೆಯುವ ಲಸಿಕೆಯನ್ನು ಈಗ 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಕೊಡಲಾಗುತ್ತದೆ.