ಗುಂಡಿಲ್ಲದ ಈಡು

ತೋಟಾ ಖರ್ಚಾಗದೆ ಗುರಿ ಕಲಿಯುವುದು ಹೇಗೆ? ಪಿಸ್ತೂಲು ಸ್ಪರ್ಧೆಯಲ್ಲಿ ಇದು ಹಳೆಯ ಪ್ರಶ್ನೆ. ಈಡು ತಪ್ಪಲು ಅನೇಕ ವೇಳೆ ಕಣ್ಣಿಗಿಂತ ಬೆರಳೇ ಕಾರಣ. ಸದ್ದಿಗೂ ಒದೆತಕ್ಕೂ ಅಂಜಿದ ಕೈ ಟ್ರಿಗರ್ ಎಳೆಯುವ ಕ್ಷಣದಲ್ಲೇ ಬೆಚ್ಚುತ್ತದೆ. ಗುಂಡು ಹಾರಿದಾಗ ಆ ಅಬ್ಬರದಲ್ಲಿ ತಪ್ಪು ಮುಚ್ಚಿಹೋಗುತ್ತದೆ; ಖಾಲಿ ಪಿಸ್ತೂಲಿನಲ್ಲಿ ಬಯಲಾಗುತ್ತದೆ.

ಈ ತಪ್ಪನ್ನು ಕಾಗದದ ಮೇಲೆ ಹಿಡಿಯಲು 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಹಾಲಿಫೀಲ್ಡ್ ಸಲಾಕೆ ಬಂತು. ನಳಿಗೆಯೊಳಗೆ ಕೂರಿಸಿದ ಈ ಸಲಾಕೆಗೆ ಪಿನ್ನು ತಟ್ಟಿದೊಡನೆ ತುದಿಯ ಸೂಜಿ ಮುಂದೆ ಚಿಮ್ಮಿ, ಎದುರಿಗಿಟ್ಟ ಪುಟ್ಟ ಗುರಿಹಲಗೆಯ ಕಾಗದವನ್ನು ಚುಚ್ಚುತ್ತಿತ್ತು. ಕೈ ಅಲುಗಿತೋ ಇಲ್ಲವೋ ಎಂಬ ವಾದಕ್ಕೆ ಎಡೆಯೇ ಇರಲಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವ ಸಾಧನ ಇನ್ನೂ ಸರಳ. 10 ಮೀಟರ್ ಏರ್ ಪಿಸ್ತೂಲು ಗುರಿಯ ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ. ಎರಡೂವರೆ ಮೀಟರ್ ದೂರದ ಗೋಡೆಗೆ ಅದರ ಕಾಲುಭಾಗ, ಅಂದರೆ ಸುಮಾರು 15 ಮಿ.ಮೀ.ನ ಚುಕ್ಕೆ ಅಂಟಿಸಿದರೆ ಕಣ್ಣಿಗೆ ಎರಡೂ ಒಂದೇ. ನಳಿಗೆಯ ಮೇಲೆ ನಾಣ್ಯವಿಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವುದು ಮತ್ತೊಂದು ಉಪಾಯ. ಪಾಯಿಂಟ್ 22 ಪಿಸ್ತೂಲಿನಲ್ಲಿ ಮಾತ್ರ ಎಚ್ಚರ ಬೇಕು. ತೋಟಾ ಇಲ್ಲದಿದ್ದರೆ ಪಿನ್ನು ಚೇಂಬರಿನ ಅಂಚಿಗೇ ಬಡಿದು ಜಜ್ಜಬಹುದು. ಅದಕ್ಕೇ ಪ್ಲಾಸ್ಟಿಕ್ಕಿನ ಅಣಕು ತೋಟಾ ಬಳಕೆಗೆ ಬಂತು.

ಅಪಘಾತಗಳಾಗುವುದು ಖಾಲಿ ಎಂದು ನಂಬಿದ ಪಿಸ್ತೂಲಿನಿಂದಲೇ. ಹೀಗಾಗಿ ಅನುಭವಿಗಳು ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿಡುತ್ತಾರೆ. ಚೇಂಬರನ್ನು ಕಣ್ಣಾರೆ ನೋಡಿ, ಬೆರಳಿಟ್ಟು ಮುಟ್ಟಿದ ಮೇಲಷ್ಟೇ ಗೋಡೆಯ ಚುಕ್ಕೆಯತ್ತ ಕೈ ಎತ್ತುತ್ತಾರೆ.