ಅಟ್ಟದ ಮೇಲಿನ ಹಳೇ ಕೋವಿ ‘ಜಪಾನ್ ಮಿಲಿಟರಿಯದ್ದೇ’? ಹೂವಿನ ಗುರುತು ನೋಡಿ ತೀರ್ಮಾನಿಸಬೇಡಿ

ಹಳೆಯ ಗಿಡ್ಡ ಬಂದೂಕಿನ ಒಂದು ಫೋಟೋ. ಕೆಳಗೆ ಬರಹ: ‘ಮಹಾಯುದ್ಧದ ಜಪಾನ್ ಕಾರ್ಬೈನ್. ಮೇಲೆ ಹೂವಿನ ಮುದ್ರೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ನೂರು ವರ್ಷ ಹಳೆಯದು, ಲೈಸೆನ್ಸ್ ಬೇಡ.’ ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಹೂವಿನ ಮಾತು ಅರ್ಧ ನಿಜ. ಲೈಸೆನ್ಸಿನ ಮಾತು ನಂಬಿದರೆ ಜೈಲಿನ ದಾರಿ.

ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ಕೆರೆಕಟ್ಟೆ ಇರಲಿ, ಕೊಪ್ಪ, ನರಸಿಂಹರಾಜಪುರದ ಹಳ್ಳಿಗಳಿರಲಿ, ಮಲೆನಾಡಿಗೆ ಕೋವಿ ಹೊಸದಲ್ಲ. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದವರಿದ್ದಾರೆ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗುತ್ತದೆ. ಹಾಗಾಗಿ ಹಳೇ ಮನೆಯ ಅಟ್ಟದಲ್ಲಿ ಸಿಕ್ಕಿದ್ದು ಜಪಾನಿನದ್ದಕ್ಕಿಂತ ಕೇಪಿನ ಕೋವಿಯೋ ತೋಟಾ ಕೋವಿಯೋ ಆಗಿರುವ ಸಂಭವವೇ ಹೆಚ್ಚು. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ತುಂಬುತ್ತಾರೆ, ಪಕ್ಕದಲ್ಲಿ ಸುತ್ತಿಗೆಯಂಥ ಕುದುರೆ ಇರುತ್ತದೆ. ತೋಟಾ ಕೋವಿ ಸಾಮಾನ್ಯವಾಗಿ ನಡುವೆ ಮಡಚಿಕೊಳ್ಳುತ್ತದೆ. ಜಪಾನ್ ಕಾರ್ಬೈನ್ ಈ ಎರಡೂ ಅಲ್ಲ: ಅದಕ್ಕೆ ಬಾಗಿಲ ಚಿಲಕದಂತೆ ಹಿಂದೆ ಮುಂದೆ ಎಳೆಯುವ ಬೋಲ್ಟ್ ಇದೆ. ತೂತು ಬರೀ 6.5 ಮಿ.ಮೀ., ಪೆನ್ಸಿಲ್‌ಗಿಂತ ಸಣ್ಣದು. 12 ಬೋರಿನ ತೋಟಾ ಕೋವಿಯದ್ದು 18 ಮಿ.ಮೀ.ಗೂ ಹೆಚ್ಚು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಕೇಪಿನ ಕೋವಿಯಲ್ಲಿ ಯಾರೋ ಈಡು ತುಂಬಿ ಮರೆತಿಟ್ಟಿದ್ದರೆ, ಒಣಗಿದ ಕರಿಮದ್ದು ಎಷ್ಟೋ ದಶಕದ ನಂತರವೂ ಸಿಡಿಯಬಲ್ಲದು. ತೂತು ಅಳೆಯಲು ನಳಿಗೆಯ ಬಾಯಿಗೆ ಕಣ್ಣಿಡಬೇಡಿ, ಕುದುರೆ ಎಳೆಯಬೇಡಿ. ಪಕ್ಕದಿಂದ ಫೋಟೋ ತೆಗೆದರೆ ಸಾಕು.

ಬೋಲ್ಟ್ ಇದ್ದರೆ ಮುಂದೆ ನೋಡಬೇಕಾದ್ದು ನಳಿಗೆಯ ಬುಡದ ಉಕ್ಕಿನ ಭಾಗ. ಅಲ್ಲಿ ಹದಿನಾರು ಎಸಳಿನ ಸೇವಂತಿಗೆ ಇದ್ದರೆ ಅದು ಜಪಾನ್ ಚಕ್ರವರ್ತಿಯ ಸೊತ್ತು ಎಂಬ ಗುರುತು. ಅದರ ಜೊತೆಯ ಅಕ್ಷರಗಳೇ ಮಾದರಿಯ ಹೆಸರು. ಮೂರು ಅಡ್ಡಗೆರೆ, ನಂತರ ಒಂದನ್ನೊಂದು ಮುಟ್ಟದ ಎರಡು ಓರೆಗೆರೆ ಇದ್ದರೆ 38ನೇ ಮಾದರಿ. ಚೌಕದೊಳಗೆ ಎರಡು ಗೆರೆ ಇರುವ ಅಕ್ಷರ ಎರಡು ಸಲ ಬಂದರೆ 44ನೇ ಮಾದರಿ. ಇವು ಮೇಜಿ ಚಕ್ರವರ್ತಿಯ ಆಳ್ವಿಕೆಯ ವರ್ಷಗಳು. ನಮ್ಮ ಲೆಕ್ಕದಲ್ಲಿ 1905 ಮತ್ತು 1911. ಅಂದರೆ ಮಾದರಿಗಳು ಎರಡನೇ ಮಹಾಯುದ್ಧಕ್ಕಿಂತ ಎಷ್ಟೋ ಹಿಂದಿನವು.

38ರ ಕಾರ್ಬೈನ್ ಸುಮಾರು 97 ಸೆಂ.ಮೀ. ಉದ್ದ, ಅದೇ ಮಾದರಿಯ ಪೂರ್ಣ ರೈಫಲ್ 127 ಸೆಂ.ಮೀ. ದಾಟುತ್ತದೆ. ಇವೆರಡರ ನಡುವಿನ ಉದ್ದದ್ದು ಸಿಕ್ಕರೆ ಯಾರೋ ಊರಿನವರು ಗರಗಸ ಹಾಕಿದ್ದಾರೆಂದು ಕೂಡಲೇ ಹೇಳುವಂತಿಲ್ಲ. ಪೂರ್ಣ ರೈಫಲ್‌ಗಳನ್ನು ಜಪಾನಿನ ಆಯುಧ ಕಾರ್ಖಾನೆಯಲ್ಲೇ ಗಿಡ್ಡ ಮಾಡಿದ್ದೂ ಉಂಟು. 44ರದ್ದು ಕುದುರೆ ಸವಾರರಿಗೆಂದು ಮಾಡಿದ್ದು, ನಳಿಗೆಯ ಕೆಳಗೆ ಮಡಚುವ ಮೊಳೆಯಂಥ ಬಯೋನೆಟ್ ಅಂಟಿಕೊಂಡೇ ಇರುತ್ತದೆ. ಆ ಬಯೋನೆಟ್ ಹಿಡಿದಿರುವ ಲೋಹದ ಮೂತಿ ಮೂರು ಬಗೆಯಲ್ಲಿ ಬಂತು. ಸಂಗ್ರಹಕಾರರು ಅದರ ಉದ್ದವನ್ನೂ ಸ್ಕ್ರೂಗಳ ನಡುವಿನ ಅಂತರವನ್ನೂ ನೋಡಿ ಮೊದಲಿನದು, ನಡುವಿನದು, ಕೊನೆಯದು ಎಂದು ವಿಂಗಡಿಸುತ್ತಾರೆ.

ಎಡಮಗ್ಗುಲಲ್ಲಿ ಸರಣಿ ಸಂಖ್ಯೆ, ಕಾರ್ಖಾನೆಯ ಗುರುತು ಇರುತ್ತವೆ. ಪೇರಿಸಿಟ್ಟ ನಾಲ್ಕು ಗುಂಡುಗಳ ಚಿತ್ರವಿದ್ದರೆ ಟೋಕಿಯೋ ಅಥವಾ ಕೊಕುರಾ. 1923ರ ಭೂಕಂಪದ ನಂತರ ಕೆಲಸ ಕೊಕುರಾಕ್ಕೆ ಹೋಯಿತು, ಗುರುತು ಮಾತ್ರ ಅದೇ ಉಳಿಯಿತು. ಹಿಡಿಯ ಮರ ಎರಡು ತುಂಡು ಸೇರಿಸಿದಂತೆ ಕಂಡರೆ ‘ರಿಪೇರಿ ಮಾಡಿದ್ದು’ ಎನ್ನಬೇಡಿ. ಮರ ಉಳಿಸಲು ಕಾರ್ಖಾನೆಯೇ ಹಾಗೆ ಜೋಡಿಸುತ್ತಿತ್ತು.

ಇನ್ನು ಹೂವು ಅಳಿಸಿದ್ದು. 1945ರಲ್ಲಿ ಜಪಾನ್ ಶರಣಾದಾಗ ಅಸಂಖ್ಯ ಬಂದೂಕುಗಳ ಸೇವಂತಿಗೆಯನ್ನು ಉಜ್ಜಿ ತೆಗೆದರು. ಸೇನೆಯಿಂದ ಶಾಲೆಗಳಿಗೆ ಹೋದವುಗಳ ಮುದ್ರೆಯನ್ನೂ ಕೆಡಿಸುತ್ತಿದ್ದರು. ಹಾಗಾಗಿ ಹೂವು ಇಲ್ಲದ್ದು ಬೆಲೆಯಲ್ಲಿ ಕಡಿಮೆ ಇರಬಹುದು, ನಕಲಿಯೇನಲ್ಲ. ಅಪಾಯ ಇರುವುದು ಬೇರೆ ಕಡೆ: ಶಾಲಾ ಕವಾಯತಿಗೆಂದೇ ಮಾಡಿದ ತರಬೇತಿ ಬಂದೂಕುಗಳು ನೋಡಲು ಅಚ್ಚು ಇದೇ ರೀತಿ. ಅವು ಖಾಲಿ ಸದ್ದಿನ ತೋಟಾಗೆ ಮಾತ್ರ. ಉಕ್ಕೂ ಮೆತು, ನಳಿಗೆಯೊಳಗೆ ಸುರುಳಿ ಗೆರೆಗಳೂ ಇಲ್ಲ. ನಿಜವಾದ ಗುಂಡು ಹಾಕಿದರೆ ಹಾರಿಸಿದವನ ಮುಖದೆದುರೇ ಒಡೆಯಬಹುದು.

ಲೈಸೆನ್ಸ್ ವಿಚಾರಕ್ಕೆ ಬಂದರೆ, 2016ರ ಶಸ್ತ್ರಾಸ್ತ್ರ ನಿಯಮಗಳು ‘ಪುರಾತನ’ ಎನ್ನುವುದು 1899ಕ್ಕಿಂತ ಹಿಂದೆ ತಯಾರಾದವನ್ನು. 38, 44 ಎಂಬ ಹೆಸರುಗಳೇ ಆ ಗೆರೆ ದಾಟಿವೆ. ‘ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ, ನಮಗ್ಯಾಕೆ?’ ಎಂಬ ಮಾತೂ ಕೇಳಿಬರುತ್ತದೆ. 2029ರವರೆಗೆ ವಿಸ್ತರಿಸಿರುವ ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ. ಚಿಕ್ಕಮಗಳೂರು ಜಿಲ್ಲೆಗೆ ಅನ್ವಯಿಸುವುದಿಲ್ಲ. ಅಜ್ಜನ ಹೆಸರಲ್ಲಿದ್ದ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದೂ ಇಲ್ಲ.

ಕೆರೆಕಟ್ಟೆಯ ಕಡೆಯವರಿಗೆ ಇನ್ನೊಂದು ತೊಡಕಿದೆ. ಸುತ್ತ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನ; ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅದರೊಳಗೆ ಹೋದರೆ ವನ್ಯಜೀವಿ ಕಾಯ್ದೆಯಡಿ ಬೇರೆಯೇ ಕೇಸು. ಹಾಗಾಗಿ ‘ಯಾರಿಗಾದರೂ ತೋರಿಸಿಕೊಂಡು ಬರೋಣ’ ಎಂದು ಚೀಲದಲ್ಲಿ ಸುತ್ತಿ ಬಸ್ ಹತ್ತಬೇಡಿ. ಕೋವಿ ಇದ್ದಲ್ಲೇ ಇರಲಿ. ಠಾಣೆಗೆ ಫೋನ್ ಮಾಡಿ ಎಲ್ಲಿ, ಹೇಗೆ ಸಿಕ್ಕಿತೆಂದು ತಿಳಿಸಿ, ಅವರು ಬರುವವರೆಗೆ ಮಕ್ಕಳನ್ನು ಅಟ್ಟಕ್ಕೆ ಹತ್ತಿಸಬೇಡಿ.